ನೆಲ ಒಣಗುವ ತನಕ

“ನಿಮ್ಮವ್ವ ಒರೆಸಿದ ನೆಲ ಆಗಿದ್ರೂ ಹಿಂಗೇ ತುಳ್ಕೊಂಡು ಹೋಗ್ತಿದ್ರಾ?”

ಮಾನಸಳ ಕಾಲು ನಿಂತಲ್ಲೇ ನಿಂತಿತು.

ಗುಂಡ್ಲುಪೇಟೆಯ ಆ ಕಾಲೇಜಿನಲ್ಲಿ ಅವಳಿಗೆ ಅದು ಎರಡನೇ ವಾರ. ಕೇಳಿದವನು ರೇವಂತ್. ಕೊನೆಯ ವರ್ಷದ ಬಿ.ಎ., ಹರವೆ ಊರಿನ ಉಳ್ಳವರ ಮನೆಯ ಹುಡುಗ, ಎದೆಯ ಮೇಲೆ ಎನ್ನೆಸ್ಸೆಸ್ ಬ್ಯಾಡ್ಜು. ಅವಳ ಹಿಂದೆ ಒದ್ದೆ ಕಾರಿಡಾರಿನ ಉದ್ದಕ್ಕೂ ಅವಳದೇ ಚಪ್ಪಲಿಯ ಕೆಸರು ಗುರುತು.

ಒರೆಸುತ್ತಿದ್ದ ಹೆಂಗಸು ತಲೆಯೆತ್ತಲಿಲ್ಲ. ಬಕೆಟ್ಟು ಎಳೆದುಕೊಂಡು ಬಂದು ಆ ಗುರುತುಗಳನ್ನು ಒಂದೊಂದಾಗಿ ಒರೆಸತೊಡಗಿದಳು.

ಆಕೆ ಮಲ್ಲಾಜಮ್ಮ. ಮಾನಸಳ ಹೆತ್ತವ್ವ.

ಹಂಗಳದಿಂದ ಅವ್ವ ಏಳು ಗಂಟೆಯ ಬಸ್ಸಿಗೆ ಬರುತ್ತಿದ್ದಳು, ಮಗಳು ಒಂಬತ್ತರದಕ್ಕೆ. ಕಾಲೇಜಿನೊಳಗೆ ಒಬ್ಬರಿಗೊಬ್ಬರ ಗುರುತಿಲ್ಲ. ಹಾಗೆಂದು ಮಾತಾಡಿಕೊಂಡವರೂ ಅಲ್ಲ. ಮೊದಲ ದಿನ ಮಗಳು ಮುಖ ತಿರುಗಿಸಿದಳು, ಅವ್ವ ಅರ್ಥ ಮಾಡಿಕೊಂಡಳು... ಅಷ್ಟೇ.

ರೇವಂತನ ಮಾತು ಮುಳ್ಳಾಗಿ ನಾಟಿತ್ತು. ಆ ಮುಳ್ಳಿನ ನೆಪದಲ್ಲೇ ಪರಿಚಯವಾಯಿತು. ಮರುದಿನ ಅವನೇ ಬಂದು, ಒರಟಾಗಿ ಅಂದುಬಿಟ್ಟೆ ಎಂದು ತಪ್ಪೊಪ್ಪಿಕೊಂಡ. ಅವಳೂ ಎನ್ನೆಸ್ಸೆಸ್ ಸೇರಿದಳು. ಕಾಲೇಜು ಗುಡಿಸುವವರು ಮೆಟ್ಟಿಲ ಕೆಳಗೆ ಕೂತು ಉಣ್ಣುತ್ತಾರೆ, ಅವರಿಗೊಂದು ಕೋಣೆ ಬೇಕು ಎಂದು ಅವನು ಪ್ರಿನ್ಸಿಪಾಲರ ಬಾಗಿಲಿಗೆ ಅಲೆಯುತ್ತಿದ್ದ. ಮಧ್ಯಾಹ್ನ ಅದೇ ಮೆಟ್ಟಿಲ ಕೆಳಗೆ ಅವರಿಗೆ ಅಕ್ಷರ ಕಲಿಸುತ್ತಿದ್ದ. ಮಾನಸ ಆ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ.

ಚಾಮರಾಜನಗರದಲ್ಲಿ ಎನ್ನೆಸ್ಸೆಸ್ ಕಾರ್ಯಕ್ರಮ ಮುಗಿಸಿ ಬಸ್ಸಿಗೆ ಕಾಯುವಾಗ, ಕಟ್ಟೆಯ ಮೇಲೆ ಕೂತು ಅವಳು ಅವನೊಬ್ಬನಿಗೇ ಅವ್ವನ ವಿಷಯವೆಲ್ಲ ಹೇಳಿದಳು. ಹೇಳಿ ಅತ್ತಳು.

“ನನ್ನ ಬಾಯಿಂದ ಇದು ಆಚೆ ಬರಲ್ಲ ಮಾನಸ,” ಅಂದ ಅವನು.

ಅವಳು ನಂಬಿದಳು. ಇವನ ಮುಂದೆ ನಾನು ಏನನ್ನೂ ಮುಚ್ಚಿಡಬೇಕಿಲ್ಲ... ಆ ದಿನವೇ ಮನಸ್ಸನ್ನೂ ಕೊಟ್ಟುಬಿಟ್ಟಳು.

ಒಂದು ಸೋಮವಾರ ಗೋಡೆಪತ್ರಿಕೆಯ ಮುಂದೆ ಗುಂಪು ಸೇರಿತ್ತು. ಗೆಳತಿ ಭವ್ಯ ತಿರುಗಿ ನೋಡಿ, “ನಮ್ಮ ಮಲ್ಲಾಜಮ್ಮ ನಿಮ್ಮಮ್ಮನೇನೇ? ಒಂದ್ ಮಾತು ಹೇಳ್ಲಿಲ್ವಲ್ಲೇ,” ಅಂದಳು. ಹಿಂದೆ ಯಾರೋ ಕಿಸಕ್ಕೆಂದರು.

ಮೇಲೆ ರೇವಂತನ ದುಂಡಕ್ಷರದ ತಲೆಬರಹ: ‘ನಮ್ಮ ಕಾಲೇಜು ತೊಳೆಯುವವರು’. ಕೆಳಗೆ ಅವ್ವನ ಫೋಟೊ. ಅದರ ಕೆಳಗಿನ ಸಾಲುಗಳಲ್ಲಿ ‘ಮಗಳು ಮಾನಸ’ ಎಂಬುದೊಂದೇ ಕಣ್ಣಿಗೆ ಬಿತ್ತು. ಉಳಿದದ್ದೆಲ್ಲ ಕಣ್ಣೀರಿನಲ್ಲಿ ಕಲಸಿಹೋಯಿತು. ಸರ್ರನೆ ಹಾಳೆ ಕಿತ್ತು, ಮುದುರಿ ಬ್ಯಾಗಿಗೆ ತುರುಕಿದಳು.

ಲೈಬ್ರರಿಯ ಬಾಗಿಲಲ್ಲಿ ಅವನು ಸಿಕ್ಕ.

“ನಂಬಿ ಹೇಳಿದ್ದೆ ನಿಂಗೆ. ನಮ್ಮ ಬಾಳು ನಿಮ್ಮಂಥೋರಿಗೆ ಗೋಡೆಗೆ ಅಂಟಿಸಕ್ಕೆ ಆಯ್ತದೆ, ಅಲ್ವಾ?”

ಅವನ ಮುಖ ಬಿಳುಚಿತು. “ಪೂರ್ತಿ ಓದು ಮಾನಸ... ಒಂದ್ಸಲ ಓದು.”

“ನಿನ್ನನ್ನ ಪೂರ್ತಿ ಓದಾಯ್ತು.”

ಮೂರು ದಿನ ತಲೆನೋವೆಂದು ಮನೆಯಲ್ಲೇ ಮಲಗಿದಳು. ಆಗದವರು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕಟ್ಟೆಯ ಮೇಲೆ ತನ್ನ ಪಕ್ಕ ಕೂತಿದ್ದವನೇ ಹೀಗೆ ಮಾಡಿದರೆ...

ಮೂರನೇ ದಿನ ಸಂಜೆ, ಜಗಲಿಯಲ್ಲಿ ಅವಳ ಪಕ್ಕ ಕೂತು ಸೊಪ್ಪು ಸೋಸುತ್ತಿದ್ದ ಮಲ್ಲಾಜಮ್ಮ ಮೆಲ್ಲಗೆ ಅಂದಳು: “ನಿಂಗೆ ತೋರ್ಸನ ಅಂತಿದ್ದೆ. ನಾನು ಬರ್ದಿದ್ದ ಆಳೆಯ ಯಾರೋ ಕಿತ್ತಾಕ್ಬುಟ್ಟವ್ರೆ ಕಣಮ್ಮಿ. ಎರಡು ತಿಂಗ್ಳು ಕಲ್ತು ಬರ್ದಿದ್ದೆ.”

ಮಾನಸ ಎದ್ದು ಕೂತಳು. “ನೀನು ಬರ್ದಿದ್ದಾ?”

“ಊಂ. ಆ ಉಡ್ಗ ನಿನ್ ಎಸ್ರು ಬ್ಯಾಡ ಅಂದ. ಮಗಳ ಒಂದ್ ಮಾತು ಕೇಳಿ ಬರೀರಿ ಅಂದ. ನನ್ ಮಗಳ ಎಸ್ರು ಬರಿಯಕೆ ನಾನ್ಯಾರ ಕೇಳ್ಬೇಕಪ್ಪ ಅಂದೆ. ನಿಂಗೆ ಮುಂಚೆ ಏಳ್ಬ್ಯಾಡ ಅಂತ ಆಣೆನೂ ಆಕ್ಸ್ಕಂಡಿದ್ದೆ.”

ಮಾನಸ ಬ್ಯಾಗಿನಿಂದ ಮುದುರಿದ ಹಾಳೆ ತೆಗೆದು, ಮಂಡಿಯ ಮೇಲೆ ನೇವರಿಸಿ ಬಿಡಿಸಿದಳು.

‘ನನ್ನ ಎಸರು ಮಲ್ಲಾಜಮ್ಮ. ಆರು ವರ್ಸದಿಂದ ಇಲ್ಲಿ ನೆಲ ಒರೆಸ್ತಿನಿ. ಕೂತು ಉಣ್ಣಕೆ ಒಂದು ಕೋಣೆ ಕೊಡಿ. ನನ್ನ ಮಗಳು ಮಾನಸ ಇಲ್ಲೆ ಓದ್ತಾಳೆ. ಅವಳು ನಡೆಯೊ ಕಡೆ ಒಸಿ ಜಾಸ್ತಿನೆ ಒರೆಸ್ತಿನಿ.’

ಹೆಸರಲ್ಲ, ಎಸರು... ರೇವಂತನ ಕೈಯಿಂದ ಈ ಅಕ್ಷರ ಬರುವುದುಂಟೇ? ಅವ್ವನ ನಾಲಿಗೆಯೇ ಹಾಳೆಗೆ ಇಳಿದಿತ್ತು.

ದ್ರೋಹ ಮಾಡಿದವಳು ನಾನು... ಮೊದಲ ದಿನದಿಂದಲೂ ನಾನೇ.

“ಕಿತ್ತವಳು ನಾನೇ ಅವ್ವ.”

ಮಲ್ಲಾಜಮ್ಮನ ಕೈ ಸೊಪ್ಪಿನಲ್ಲೇ ಆಡುತ್ತಿತ್ತು. ಸೋಸುತ್ತಲೇ ಅಂದಳು: “ಗೊತ್ತು ಕಣಮ್ಮಿ. ನಿನ್ ಬ್ಯಾಗಿಂದ ನನ್ ಫೋಟ ಇಣುಕ್ತಿತ್ತು.”

ಮರುದಿನ ಏಳು ಗಂಟೆಯ ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತರು. ಸುಕ್ಕು ಸುಕ್ಕಾದ ಹಾಳೆ ಮತ್ತೆ ಗೋಡೆಯೇರಿತು.

ರೇವಂತ್ ಬಂದಾಗ ಕಾರಿಡಾರ್ ಒದ್ದೆಯಾಗಿತ್ತು. ಆಚೆ ತುದಿಯಲ್ಲಿ ಮಾನಸ ನಿಂತಿದ್ದಳು.

“ಕ್ಷಮಿಸು ಅನ್ನಕ್ಕೂ ಮುಖ ಇಲ್ಲ ನಂಗೆ,” ಅಂದಳು.

“ಆಣೆ ಮುರಿದಾದ್ರೂ ನಿನ್ನ ಕೇಳಬೇಕಿತ್ತು. ತಪ್ಪು ನಂದೂ ಐತೆ.” ಅವನ ದನಿ ತಗ್ಗಿತು. “ಮೂರು ದಿನ ಒಂಬತ್ತರ ಬಸ್ಸಿಗೆ ಸ್ಟ್ಯಾಂಡಲ್ಲಿ ಕಾದೆ. ಎಲ್ಲರೂ ಇಳಿದ್ರು... ನೀನಿಲ್ದೆ ನಂಗಾಗಲ್ಲ ಮಾನಸ.”

ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ನಗು ಬಂತು. “ಎಸರು ಅಂತ ಬರ್ದವ್ಳೆ ಅವ್ವ. ತಿದ್ದಬಾರದಿತ್ತಾ ಮೇಷ್ಟ್ರೇ?”

“ತಿದ್ದಕ್ಕೆ ಹೋದೆ. ನಾನು ಅನ್ನೋದೇ ಹಂಗೆ, ಸುಮ್ನಿರು ಅಂದ್ರು.”

ಇಬ್ಬರ ನಡುವೆ ನೆಲ ಒರೆಸುತ್ತಿದ್ದ ಮಲ್ಲಾಜಮ್ಮ ತಲೆ ತಗ್ಗಿಸಿಯೇ ನಕ್ಕಳು.

“ಈ ಕಡೆ ಬಾ,” ಅಂದ ರೇವಂತ್.

“ಇನ್ನೂ ಒಣಗಿಲ್ಲ,” ಅಂದಳು ಮಾನಸ, ಕಾರಿಡಾರಿನಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ. “ನಮ್ಮವ್ವ ಒರೆಸವ್ಳೆ.”

“ಹಂಗಾದ್ರೆ ಒಣಗೋ ತನಕ ಇಲ್ಲೇ ನಿಂತಿರ್ತೀನಿ.”