ಮೂರು ತಿಂಗಳು ಹೆಸರೆತ್ತಬಾರದು

"ಇದೇನು ಹೇಳ್ರಿ?"

ಏಕನಾಥಮ್ಮ ಕುರಿಯ ಚಿತ್ರ ಹಿಡಿದಳು. ಮಾತು ಕಳೆದುಕೊಂಡವರಿಗೆ ಮಾತು ಕಲಿಸುವುದು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವಳ ಕೆಲಸ. ಎದುರಿಗಿದ್ದವನು ಹಿರೇಗುಂಟನೂರಿನ ಚಿತ್ತಪ್ಪ. ನಡೆಯಲು ಕಲಿತಾಗಿನಿಂದ ಕುರಿಗಳ ಹಿಂದೆಯೇ ನಡೆದವನು, ಬಂಡೆಯಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ 'ಕುರಿ' ಎನ್ನಲಾರ!

ಅವನು ಚಿತ್ರ ಕಿತ್ತುಕೊಂಡು ಎಸೆದ. ಎದ್ದು ನಿಂತು ಕೂಗಿದ:

"ಹುರ್ರ್ರ್... ಬಾ! ಬಾ! ಬಾ!"

ಇಬ್ಬರು ನರ್ಸ್‌ಗಳು ಓಡಿ ಬಂದರು.

"ಕುರಿ ಕರೆದ್ರೆ ನರ್ಸಮ್ಮೋರು ಬಂದ್ರಲ್ಲೋ!" ಅವನ ಅಕ್ಕ ಕಾಳಕ್ಕ ನಕ್ಕಳು.

ಏಕನಾಥಮ್ಮ ಕಿವಿ ನಿಮಿರಿಸಿದಳು... ಆ 'ಬಾ' ಎಷ್ಟು ಸ್ಪಷ್ಟ! ಮೆದುಳಿನಲ್ಲಿ ಮಾತಿನ ಹಳೆಯ ದಾರಿಯೊಂದು ಉಳಿದಿದೆ!

ಆ 'ಬಾ'ಗೇ ಒಂದೊಂದು ಪದ ಕಟ್ಟಿದಳು. ಬಾ ಕುರಿ. ಬಾ ಅಕ್ಕ. ಬಾ ಏಕನಾಥಮ್ಮ. ದಿನಾ ಹತ್ತು ಗಂಟೆಗೆ ಇಬ್ಬರಿಗೂ ಮಜ್ಜಿಗೆ.

"ಎರಡು ನರಕೋಶ ಮತ್ತೆ ಮತ್ತೆ ಒಟ್ಟಿಗೆ ಮಿಡಿದ್ರೆ ನಡುವಿನ ಕೊಂಡಿ ಗಟ್ಟಿಯಾಗುತ್ತೆ. ಮೆದುಳಿನ ಸಂಚಾರವೆಲ್ಲ ಆ ಕಡೆಗೇ ಹರಿಯುತ್ತೆ. ಬಳಸದಿದ್ರೆ ಸಡಿಲ," ಎಂದು ಒಂದು ದಿನ ಅವನಿಗೆ ವಿವರಿಸಿದಳು.

"ಕುರಿ... ಹಾದಿ ಇದ್ದಂಗೆ," ಎಂದ ಚಿತ್ತಪ್ಪ.

ಅವನ ಮೊದಲ ಸ್ವಂತ ವಾಕ್ಯ! ಅವಳು ಕಣ್ಣೀರನ್ನು ಮಜ್ಜಿಗೆ ಲೋಟದ ಹಿಂದೆ ಮರೆಮಾಡಿದಳು.

ಎಂಟನೇ ತಿಂಗಳಲ್ಲಿ ಅವನು ಹೇಳಿದ, "ಏಕನಾಥಮ್ಮ, ನನ್ನ ಮದ್ವೆ ಆಗ್ರಿ."

ಹೂಂ ಎನ್ನಲು ತುಟಿ ತೆರೆಯಿತು. ಅಷ್ಟರಲ್ಲಿ ಓದಿದ್ದೆಲ್ಲ ಅಡ್ಡ ಬಂತು. ಓದಿದವರ ಕಷ್ಟವೇ ಅದು.

"ಇದು ಪ್ರೀತಿಯಲ್ಲ, ಅಭ್ಯಾಸ! ನನ್ನ ಹೆಸರನ್ನ ದಿನಕ್ಕೆ ನೂರು ಸಲ ನಾನೇ ಹೇಳಿಸಿದೀನಿ."

"ಹಂಗಾರೆ?"

"ಮೂರು ತಿಂಗಳು ಬರಬ್ಯಾಡ್ರಿ. ನನ್ನ ಹೆಸರೂ ಎತ್ತಬ್ಯಾಡ್ರಿ. ಅಭ್ಯಾಸ ಆಗಿದ್ರೆ ಸಡಿಲಾಗುತ್ತೆ."

"ಇದ್ಯಾವ ಔಷಧನವ್ವ!" ಎಂದಳು ಕಾಳಕ್ಕ.

ಚಿತ್ತಪ್ಪ ಕಂಬಳಿ ಹೆಗಲಿಗೇರಿಸಿ, ಮಂದೆಯ ಜೊತೆ ಹಿರಿಯೂರಿನ ಕಡೆ ವಲಸೆ ಹೋದ.

ಇಲ್ಲಿ ಹತ್ತು ಗಂಟೆಯಾದರೆ ಅವಳ ಕೈ ತಾನಾಗಿ ಎರಡು ಲೋಟ ಇಡುತ್ತಿತ್ತು. 'ಪರೀಕ್ಷೆ ಅವನಿಗೋ... ನನಗೋ?'

ತೊಂಬತ್ತೊಂದನೆಯ ದಿನ ಅವನು ಬಾಗಿಲಲ್ಲಿ ನಿಂತಿದ್ದ!

"ನನ್ನ ಹೆಸರು ಹೇಳ್ರಿ," ಎಂದಳು.

ಅವನು ಬಾಯಿ ತೆರೆದ. ಹಣೆಯಲ್ಲಿ ಬೆವರೊಡೆಯಿತು.

"ಸಿಗ್ತಿಲ್ರಿ..."

ಅವಳ ಜೀವ ಕುಸಿಯಿತು. ಹಾಗಾದರೆ... ಬರೀ ಅಭ್ಯಾಸವೇ?

"ಎತ್ತಬ್ಯಾಡ ಅಂದ್ರಿ, ಎತ್ಲಿಲ್ಲ. ಹೆಸರು ಜಾರ್ಹೋತು," ಎಂದ ಅವನು. "ಆದ್ರೆ ಮರಿ ಹುಟ್ಟಿದ್ರೆ ನಿಮಗೆ ತೋರಿಸ್ಬೇಕು ಅನ್ಸೋದು. ಮಜ್ಜಿಗೆ ಹುಳಿಯಾದ್ರೆ ನಿಮಗೆ ಹೇಳ್ಬೇಕು ಅನ್ಸೋದು. ಅದನ್ನ ನೀವು ಕಲಿಸಿರ್ಲಿಲ್ಲ."

ಕಲಿಸಿದ್ದು ಹೋಗಿತ್ತು, ಕಲಿಸದ್ದು ಉಳಿದಿತ್ತು! ತನ್ನ ಹೆಸರು ಮರೆತ ಗಂಡಸಿಗೆ ಇಷ್ಟೊಂದು ಕೃತಜ್ಞಳಾದ ಹೆಣ್ಣು ದುರ್ಗದಲ್ಲಿ ಇನ್ನೊಬ್ಬಳಿರಲಾರಳು.

ಎರಡನೆಯ ಲೋಟ ಅವನ ಮುಂದಿಟ್ಟಳು. "ಕುಂತ್ಕಳ್ರಿ. ಮತ್ತೆ ಕಲಿಸ್ತೀನಿ."

"ಎಷ್ಟು ದಿನ ಹಿಡೀತೈತೆ?"

"ಅವಸರ ಐತೇನು?"

"ಮದ್ವೆ ಕಾಗದದಾಗೆ ಹಾಕ್ಸಬೇಕಲ್ರಿ."

ಅವಳು ಅತ್ತಳು, ನಕ್ಕಳು. "ಮೊದಲು 'ಬಾ' ಅನ್ರಿ."

"ಬಾ..."

ಅವಳು ಅವನ ಬಳಿಗೆ ಹೋದಳು.