ಇಳಿಸಿ ಬಿಟ್ಟ ಹುಂಜ

“ಅದನ್ನ ಮುಟ್ಟಬ್ಯಾಡ್ರಿ ಸಾಹೇಬ್ರ,” ಎಂದಳು ಹುಣಸಗಿ ಕಡೆಯ ಕೂಲಿ ಹೆಂಗಸು ಯಂಕಮ್ಮ. “ನನ್ನ ಗಂಡಗ ಯಾರೋ ಮಾಟ ಮಾಡಿಸಿದ್ರು. ಅವನ ಕೈ ತಾವಾಗೇ ಮಂದಿ ಕುತಗಿ ಹಿಡಿತಿದ್ದವು. ಆ ಪೀಡಾ ಈ ಹುಂಜಕ್ಕ ಇಳಿಸಿ, ಸೀಮಿ ದಾಟಿಸಿ ಬಿಟ್ಟೇವಿ. ಯಾರು ಮನಿಗೆ ಒಯ್ತಾರ, ಅದು ಅವರದು.”

ದೇವಿಂದ್ರ ನಕ್ಕ. ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿಗೆ ವರ್ಗವಾಗಿ ಬಂದು ತಿಂಗಳೂ ಆಗದ ಈ ಗುಮಾಸ್ತನಿಗೆ ಗಿಡ್ಡ ಕೋಳಿಗಳ ಹುಚ್ಚು. ಎರಡು ಬೆರಳಿನಷ್ಟೇ ಕಾಲು, ಉಬ್ಬಿದ ಎದೆ, ನೆಟ್ಟಗಿನ ಬಾಲ. ಅಂಥ ತಳಿ ಮಾಡಬೇಕೆಂದು ವರ್ಷಗಳಿಂದ ಹೆಣಗುತ್ತಿದ್ದ. ಕಾಲುವೆ ದಂಡೆಯಲ್ಲಿ ಮೈತುಂಬ ಕುಂಕುಮ ಮೆತ್ತಿಕೊಂಡು ನಿಂತಿದ್ದ ಈ ಹುಂಜ ಪಾರಿವಾಳದಷ್ಟೇ ಇತ್ತು.

“ಪೀಡಾ ನಿಮಗಿರ್ಲಿ, ತಳಿ ನನಗಿರ್ಲಿ,” ಎಂದು ಬಗಲಿಗೆ ಹಾಕಿಕೊಂಡು ನಡೆದ. ಓದಿದವರ ಜಂಬ ಹೇಗಿರುತ್ತದೆ ನೋಡಿ.

ತಳಿ ತಿದ್ದುವುದೆಂದರೆ ಆರಿಸುವುದು. ಹುಟ್ಟಿದ ಮರಿಗಳು ಬಲಿತ ಮೇಲೆ ದೇವಿಂದ್ರ ಅವುಗಳ ಕಾಲಿಗೆ ಸ್ಕೇಲು ಹಿಡಿಯುತ್ತಿದ್ದ. ಗಿಡ್ಡ ಹೆಣ್ಣುಗಳನ್ನು ಮತ್ತೆ ಅದೇ ಹುಂಜಕ್ಕೆ ಬಿಡುತ್ತಿದ್ದ. ಉದ್ದಗಾಲಿನವುಗಳ ಕುತ್ತಿಗೆ ತಿರುವುತ್ತಿದ್ದ. ಮೊದಲ ಪೀಳಿಗೆಯಲ್ಲಿ ಮುಖ ಹೊರಳಿಸಿ ತಿರುವಿದ. ಮೂರನೆಯದಕ್ಕೆ ನೋಡುತ್ತ ತಿರುವಿದ. ನಾಲ್ಕನೆಯದಕ್ಕೆ ಬೆರಳುಗಳು ತಾವೇ ಹೋಗತೊಡಗಿದವು. ಹಿತ್ತಲ ತುಂಬ ರಕ್ತ, ಹಿಕ್ಕೆ, ಕೊಳೆತ ಪುಕ್ಕಗಳ ನಾತ. ಬುಟ್ಟಿಯೊಳಗಿನ ಮರಿಗಳು ಮೊಟ್ಟೆಯೊಡೆದು ಬರುತ್ತಲೇ ಒಂದರ ಕುತ್ತಿಗೆಯನ್ನು ಇನ್ನೊಂದು ಕುಕ್ಕಿ ಹರಿಯುತ್ತಿದ್ದವು. ಅಪ್ಪನಿಗೇ ಮಕ್ಕಳನ್ನು ಕೂಡಿಸಿ ಕೂಡಿಸಿ ಆತ ಗಿಡ್ಡತನವನ್ನು ಗಟ್ಟಿ ಮಾಡಿದ್ದ. ಪೀಡೆಯೂ ಅದರ ಜೊತೆಗೇ ಗಟ್ಟಿಯಾಗಿತ್ತು.

ಹೀಗೇ ಎರಡು ಮೂರು ವರ್ಷ ಕಳೆದ ಮೇಲೆ, ಒಂದು ದಿನ ಮಟಮಟ ಮಧ್ಯಾಹ್ನ. ಹೆಂಡತಿ ಪರಿಮಳಾ ಹಿತ್ತಲಲ್ಲಿ ಕಟ್ಟಿಗೆ ಒಡೆಯುತ್ತಿದ್ದಳು. ನಾಲ್ಕು ವರ್ಷದ ಮಗಳು ಸಪ್ನಾ ಕಲ್ಲಿನ ಕಟ್ಟೆಯ ಮೇಲೆ ಅಂಗಾತ ಮಲಗಿ ಏನೋ ಗುನುಗುತ್ತಿದ್ದಳು. ದೇವಿಂದ್ರ ಬಂದು ಅವಳ ಕಾಲಿಗೆ ಸ್ಕೇಲು ಹಿಡಿದ.

“ಇಕಿ ಕಾಲು ಉದ್ದ ಆಗ್ಯಾವ,” ಎಂದ.

“ಏನಂದ್ರಿ?” ಪರಿಮಳಾ ತಿರುಗಿದಳು.

ಅಷ್ಟರಲ್ಲಿ ಅವನ ಬಲಗೈ ಮಗಳ ಕುತ್ತಿಗೆಗೆ ಬಿದ್ದಿತ್ತು. ಗುನುಗು ನಿಂತಿತು. ಪರಿಮಳಾ ಓಡಿಬಂದಳು. ಕೈ ಹಿಡಿದು ಎಳೆದಳು. ಕಚ್ಚಿದಳು. ಬಾಯಿಗೆ ರಕ್ತ ಬಂತು. ಬೆರಳು ಬಿಡಲಿಲ್ಲ. ಮಗುವಿನ ತುಟಿ ನೀಲಿಯಾಯಿತು. ಕಾಲು ಬಡಿಯುವುದು ನಿಂತಿತು. ಅವನ ಮೊಣಕೈ ಕಲ್ಲಿಗೆ ಊರಿತ್ತು. ಪರಿಮಳಾ ಕೊಡಲಿ ಎತ್ತಿದಳು. ಹಾಕಿದಳು. ಎಲುಬು ಕಟಕ್ಕೆಂದಿತು. ಮತ್ತೊಮ್ಮೆ ಹಾಕಿದಳು. ಕೈ ತುಂಡಾಗಿ ಬಿತ್ತು.

ಸಪ್ನಾ ಉಸಿರೆಳೆದುಕೊಂಡು ಕೆಮ್ಮಿದಳು. ಬದುಕಿದಳು, ಶಿವನೇ.

ದೇವಿಂದ್ರನ ಕಣ್ಣಿಗೆ ಎಷ್ಟೋ ದಿನಗಳ ಮೇಲೆ ಮಗಳ ಗುರುತು ಹತ್ತಿತು. ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಿದ್ದಂತೆಯೇ ಅವನ ಎಡಗೈ ಅವಳ ಕಡೆಗೆ ಚಾಚಿಕೊಳ್ಳತೊಡಗಿತು. ಆತ ಅದನ್ನು ಮೊಣಕಾಲಿನಿಂದ ಕಲ್ಲಿಗೆ ಅದುಮಿ ಹಿಡಿದ.

“ಪರಿಮಳಾ, ಇದನ್ನೂ ಕಡಿ,” ಎಂದ. “ಜಲ್ದಿ.”