ಟೇಪಿನಲ್ಲಿ ಉಳಿದ ಸಿಳ್ಳೆ

ನನಗೆ ಇಂದಿಗೂ ಸಿಳ್ಳೆ ಹಾಕಲು ಬರುವುದಿಲ್ಲ. ಆ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಹೆಬ್ರಿಡೀಸ್‌ನ ದ್ವೀಪವೊಂದರಲ್ಲಿ ಡಾಲ್ಫಿನ್‌ಗಳ ದನಿಯನ್ನು ಟೇಪಿನಲ್ಲಿ ಹಿಡಿಯುತ್ತಿದ್ದೆ. ಅಂಬಿಗ ಟಾರ್ಕ್ವಿಲ್‌ಗೆ ನನ್ನನ್ನು ಕಂಡರಾಗದು. ಆದರೂ ಚಳಿಗೆಂದು, ಮುಳುಗಿ ಸತ್ತ ತನ್ನಣ್ಣನ ಕೈಗವಸು ಕೊಟ್ಟಿದ್ದ.

ಒಂದು ಮಧ್ಯಾಹ್ನ ನಾವು ದೋಣಿಯಲ್ಲಿದ್ದಾಗ ಮಂಜು ಕವಿಯಿತು. ಮಡಿಲಲ್ಲಿ ಟೇಪು ಓಡುತ್ತಿತ್ತು. ಕೈಗವಸು ಇದ್ದಕ್ಕಿದ್ದಂತೆ ಒಳಗಿನಿಂದ ಒದ್ದೆಯಾಯಿತು.

"ಏ ಹುಡುಗಿ, ದೋಣೀಲಿ ಸಿಳ್ಳೆ ಅಪಶಕುನ, ಹಾಕ್ಬೇಡ ಅಂದಿಲ್ವಾ?" ಟಾರ್ಕ್ವಿಲ್ ಗದರಿದ.

"ನಾನಲ್ಲ! ನಂಗೆ ಬರೋದೇ ಇಲ್ಲ."

"ನಮ್ಮಣ್ಣನ ಸಿಳ್ಳೆ ಅದು. ಯಾರು ಕಲಿಸಿದ್ರು ನಿಂಗೆ?"

"ದೇವರಾಣೆ, ನಾನಲ್ಲ."

ಅವನು ದೋಣಿ ತಿರುಗಿಸಿದ. "ನಾಳೆಯಿಂದ ಈಜ್ಕೊಂಡೇ ಹೋಗು!"

ದೋಣಿಯಿಲ್ಲದೆ ನನ್ನ ಕೆಲಸವೇ ಮುಗಿದಂತೆ. ತಪ್ಪು ನನ್ನದಲ್ಲವೆಂದು ತೋರಿಸಲು ದಡದಲ್ಲೇ ಅವನಿಗೆ ಟೇಪು ಕೇಳಿಸಿದೆ. ಅವನ ಮಾತೆಲ್ಲ ಸ್ಪಷ್ಟವಾಗಿತ್ತು. ನಾನು ಉತ್ತರಿಸಿದ ಕಡೆಯಲ್ಲೆಲ್ಲ ನನ್ನ ದನಿಯ ಬದಲು ಸಿಳ್ಳೆಯಿತ್ತು.